ಕಾಶ್ಮೀರ–ಕನ್ಯಾಕುಮಾರಿ ಕಾರು ಪ್ರಯಾಣ

ಶ್ರೀನಗರಕ್ಕೂ ಕನ್ಯಾಕುಮಾರಿಗೂ ನಡುವೆ, ಬಹುಮಟ್ಟಿಗೆ ರಾಷ್ಟ್ರೀಯ ಹೆದ್ದಾರಿ 44ನ್ನೇ ಹಿಡಿದು, ಸ್ವಂತ ಕಾರಿನಲ್ಲಿ ಮಾಡುವ ದೂರ ಪ್ರಯಾಣ. ಕಾರಿನ ಹುಚ್ಚಿರುವವರ ಬಾಯಲ್ಲಿ ಇದು ‘ಕೆ ಟು ಕೆ’. ಹೆದ್ದಾರಿಯ ಉದ್ದ 3,700 ಕಿ.ಮೀ.ಗೂ ಹೆಚ್ಚು, ದೇಶದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಇದಕ್ಕಿಂತ ಉದ್ದದ್ದು ಇನ್ನೊಂದಿಲ್ಲ. ಜಮ್ಮು–ಕಾಶ್ಮೀರ, ಪಂಜಾಬ್, ಹರಿಯಾಣ, ದೆಹಲಿ, ಉತ್ತರ ಪ್ರದೇಶ, ಮಧ್ಯಪ್ರದೇಶ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶ, ಕರ್ನಾಟಕ, ತಮಿಳುನಾಡುಗಳನ್ನು ಇದು ಹಾಯುತ್ತದೆ. ಪಠಾಣಕೋಟೆಯ ಆಚೀಚೆ ಹಿಮಾಚಲ ಪ್ರದೇಶದ ಹತ್ತು–ಹನ್ನೊಂದು ಕಿ.ಮೀ. ಚೂರನ್ನೂ, ಆಗ್ರಾ ದಾಟಿದ ಮೇಲೆ ರಾಜಸ್ಥಾನದ ಧೋಲ್ಪುರದ ತುಂಡನ್ನೂ ಮುಟ್ಟಿ ಹೋಗುತ್ತದೆ. ತಮಿಳುನಾಡಿಗೆ ಸಿಕ್ಕಿದ್ದು 600 ಕಿ.ಮೀ.ಗೂ ಮೇಲೆ, ತೆಲಂಗಾಣಕ್ಕೂ ಮಧ್ಯಪ್ರದೇಶಕ್ಕೂ 500ರ ಆಸುಪಾಸು. ಕರ್ನಾಟಕದ ಪಾಲು ಬಾಗೇಪಲ್ಲಿಯಿಂದ ಅತ್ತಿಬೆಲೆಯವರೆಗಿನ ಸುಮಾರು 125 ಕಿ.ಮೀ. ಮಾತ್ರ.

ಆದರೂ ಕನ್ನಡಿಗರಿಗೆ ಇದು ಅಪರಿಚಿತ ಹಾದಿಯಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆ, ಹೊಸೂರು ರಸ್ತೆಗಳು ಇದರ ತುಂಡುಗಳೇ. ಬೆಂಗಳೂರಿನಿಂದ ಹೊರಡುವವರಿಗೆ ಪ್ರಯಾಣ ಎರಡು ಅಸಮ ಪಾಲಾಗುತ್ತದೆ: ದಕ್ಷಿಣಕ್ಕೆ ಕನ್ಯಾಕುಮಾರಿ ಸುಮಾರು 660 ಕಿ.ಮೀ., ಒಂದು ದಿನದ ದಾರಿ. ಉತ್ತರಕ್ಕೆ ಶ್ರೀನಗರ ಸುಮಾರು 3,000 ಕಿ.ಮೀ., ಐದಾರು ದಿನದ ದಾರಿ.

ಹಾದಿಯ ಹುಟ್ಟು

ಹೆದ್ದಾರಿ 44 ಎಂಬ ಸಂಖ್ಯೆ ಹೊಸದು, ರಸ್ತೆ ಹಳೆಯದು. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಏಳು ಹಳೆಯ ಹೆದ್ದಾರಿಗಳ ತುಂಡುಗಳನ್ನು ಜೋಡಿಸಿ ಇದನ್ನು ಮಾಡಲಾಯಿತು. ಆ ಪದ್ಧತಿಯಲ್ಲಿ ಉತ್ತರ–ದಕ್ಷಿಣದ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮದವಕ್ಕೆ ಬೆಸಸಂಖ್ಯೆ. ಸಮಸಂಖ್ಯೆಗಳು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತವೆ. ಆದ್ದರಿಂದಲೇ ತುಮಕೂರು, ಹುಬ್ಬಳ್ಳಿ ಕಡೆಯ ಹೆದ್ದಾರಿ 48 ಆಯಿತು, ಕರಾವಳಿಯದು 66. ಹೊಸ 44ರಲ್ಲಿ ಅತಿ ಉದ್ದದ ತುಂಡು ಹಳೆಯ ಹೆದ್ದಾರಿ 7ರದು. ವಾರಾಣಸಿಯಿಂದ ಕನ್ಯಾಕುಮಾರಿಗೆ 2,369 ಕಿ.ಮೀ. ಇದ್ದ ಆ ರಸ್ತೆಯೇ ಅಲ್ಲಿಯವರೆಗೆ ದೇಶದ ಅತಿ ಉದ್ದದ ಹೆದ್ದಾರಿಯಾಗಿತ್ತು. ದೇವನಹಳ್ಳಿ ಕಡೆಯ ಹಿರಿಯರು ಈಗಲೂ ‘ಎನ್‌ಎಚ್ ಸೆವೆನ್’ ಎಂದೇ ಕರೆಯುವುದುಂಟು.

ಈ ರೇಖೆಗೆ ರಸ್ತೆಗಿಂತ ಹಿಂದಿನ ಒಂದು ಕಥೆಯಿದೆ. ಭೂಪಟದಲ್ಲಿ ನೋಡಿದರೆ, ಕನ್ಯಾಕುಮಾರಿಯಿಂದ ದೆಹಲಿಯವರೆಗೂ ಹೆದ್ದಾರಿ 77ರಿಂದ 80 ಡಿಗ್ರಿ ರೇಖಾಂಶದ ನಡುವೆಯೇ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಲ್ಯಾಂಬ್ಟನ್ ಮತ್ತು ಅವನ ನಂತರ ಜಾರ್ಜ್ ಎವರೆಸ್ಟ್ ಭಾರತದ ಬೆನ್ನುದ್ದಕ್ಕೂ ಅಳೆದ ‘ಮಹಾಚಾಪ’ ಸಾಗಿದ್ದೂ 78 ಡಿಗ್ರಿಯ ಆಸುಪಾಸಿನಲ್ಲೇ. ಲ್ಯಾಂಬ್ಟನ್ 1800ರಲ್ಲಿ ತನ್ನ ವಿಧಾನವನ್ನು ಮೊದಲು ಪ್ರಯೋಗಿಸಿ ನೋಡಿದ್ದು ಬೆಂಗಳೂರಿನ ಬಯಲಲ್ಲಿ. 1823ರಲ್ಲಿ ಕೆಲಸದ ನಡುವೆಯೇ ತೀರಿಕೊಂಡದ್ದು ನಾಗಪುರದ ದಕ್ಷಿಣಕ್ಕಿರುವ ಹಿಂಗನಘಾಟಿನಲ್ಲಿ. ಎರಡೂ ಊರುಗಳು ಇಂದು ಹೆದ್ದಾರಿ 44ರ ಮೇಲಿವೆ. ಅವನಿಗೆ ಬೆಂಗಳೂರಿನಿಂದ ಹಿಂಗನಘಾಟಿಗೆ ಎರಡು ದಶಕ ಹಿಡಿಯಿತು. ಈಗ ಎರಡು ಹಗಲು ಸಾಕು.

ಉತ್ತರದ ತುಂಡು ಇನ್ನೂ ಹಳೆಯದು. ಪಂಜಾಬಿನಿಂದ ದೆಹಲಿಗೆ ಬರುವ ರಸ್ತೆ ಶೇರ್ ಶಾಹ ಸೂರಿ 1540ರ ದಶಕದಲ್ಲಿ ನೆಲೆಗೊಳಿಸಿದ ರಾಜಮಾರ್ಗದ ಜಾಡು. ಬ್ರಿಟಿಷರ ಕಾಲಕ್ಕೆ ಗ್ರಾಂಡ್ ಟ್ರಂಕ್ ರಸ್ತೆ. ಮೊಘಲರ ಕಾಲದಲ್ಲಿ ದೂರ ತಿಳಿಸಲು ಕಟ್ಟಿದ ಕೋಸ್ ಮಿನಾರುಗಳು ಹರಿಯಾಣದಲ್ಲಿ ರಸ್ತೆಯ ಆಸುಪಾಸಿನ ಹೊಲಗಳಲ್ಲಿ ಇನ್ನೂ ನಿಂತಿವೆ. ಪಾಣಿಪತದಲ್ಲಿ 1526, 1556, 1761ರ ಮೂರು ಯುದ್ಧಗಳು ನಡೆದದ್ದು ಇದೇ ಹಾದಿಯ ದೆಸೆಯಿಂದ: ವಾಯವ್ಯದಿಂದ ದೆಹಲಿಗೆ ಬರುವ ದಂಡಿಗೆ ಇದೇ ದಾರಿ.

ಸ್ವಾತಂತ್ರ್ಯಕ್ಕೆ ಮೊದಲು, 1943ರಲ್ಲಿ, ಪ್ರಾಂತಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ಇಪ್ಪತ್ತು ವರ್ಷಗಳ ರಸ್ತೆ ಯೋಜನೆ ಹಾಕಿದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಎಂಬ ವಿಂಗಡಣೆ ಅಲ್ಲಿಂದ ಬಂತು. ರಾಷ್ಟ್ರೀಯ ಹೆದ್ದಾರಿ ಕಾಯಿದೆ 1956ರದು. ಆದರೂ 1990ರ ದಶಕದ ಕೊನೆಯವರೆಗೆ ಈ ಹೆದ್ದಾರಿಗಳಲ್ಲಿ ಹಲವು ಎರಡು ಲಾರಿ ಎದುರುಬದುರಾದರೆ ಒಂದು ಮಣ್ಣಿಗಿಳಿಯಬೇಕಾದ ರಸ್ತೆಗಳೇ. ಅಂದಿನ ಕಾರುಗಳೂ ದೂರದ ಓಟಕ್ಕೆ ಹೇಳಿ ಮಾಡಿಸಿದವಲ್ಲ. ಅಂಬಾಸಿಡರ್, ಪದ್ಮಿನಿಗಳ ರೇಡಿಯೇಟರು ಘಾಟಿಯಲ್ಲಿ ಕುದಿಯುತ್ತಿತ್ತು. ನೀರಿನ ಕ್ಯಾನು, ಫ್ಯಾನ್ ಬೆಲ್ಟು, ಎರಡು ಸ್ಟೆಪ್ನಿ ಇಲ್ಲದೆ ಯಾರೂ ರಾಜ್ಯ ದಾಟುತ್ತಿರಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮಧ್ಯಮ ವರ್ಗದ ಕೈಗೆ ಕಾರು ಕೊಟ್ಟಿತು, ಆದರೆ ಅದು ಓಡಬೇಕಾದ ರಸ್ತೆ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

1999ರ ಜನವರಿಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅಡಿಗಲ್ಲು ಹಾಕಿದ 5,846 ಕಿ.ಮೀ. ಸುವರ್ಣ ಚತುಷ್ಪಥ ದೆಹಲಿ, ಮುಂಬಯಿ, ಚೆನ್ನೈ, ಕೊಲ್ಕತ್ತಗಳನ್ನು ಕಟ್ಟಿತು. ಅದರ ಬೆನ್ನಿಗೆ ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ಕಾರಿಡಾರುಗಳು ಬಂದವು. ಇಂದಿನ ಹೆದ್ದಾರಿ 44 ಈ ಉತ್ತರ–ದಕ್ಷಿಣ ಕಾರಿಡಾರಿನ ಬೆನ್ನೆಲುಬು. ಎರಡು ಕಾರಿಡಾರುಗಳು ಕೂಡುವುದು ಝಾನ್ಸಿಯಲ್ಲಿ. ಬೆಂಗಳೂರಿಗೆ ಚತುಷ್ಪಥವೂ ಬಂತು, ಕಾರಿಡಾರೂ ಬಂತು. ಬೆಂಗಳೂರಿನಿಂದ ಕೃಷ್ಣಗಿರಿಯವರೆಗೆ ಎರಡೂ ಒಂದೇ ರಸ್ತೆ. ಹೊಸೂರು ರಸ್ತೆಯ ಲಾರಿಗಳ ಸಾಲಿಗೆ ಅರ್ಧ ಕಾರಣ ಅಲ್ಲಿದೆ.

ಬೆಂಗಳೂರಿನಿಂದ ಉತ್ತರಕ್ಕೆ

ಹೆಬ್ಬಾಳ ಮೇಲ್ಸೇತುವೆ, 2008ರಲ್ಲಿ ತೆರೆದ ವಿಮಾನ ನಿಲ್ದಾಣ, ಟಿಪ್ಪು ಹುಟ್ಟಿದ ದೇವನಹಳ್ಳಿ, ನಂದಿಬೆಟ್ಟದ ಬದಿ, ವಿಶ್ವೇಶ್ವರಯ್ಯನವರ ಊರಾದ ಮುದ್ದೇನಹಳ್ಳಿಗೆ ತಿರುಗುವ ಚಿಕ್ಕಬಳ್ಳಾಪುರ, ಆಮೇಲೆ ಬಾಗೇಪಲ್ಲಿ. ಇಲ್ಲಿ ಟ್ಯಾಂಕು ತುಂಬಿಸಿಕೊಳ್ಳುವುದು ವಾಡಿಕೆ, ಏಕೆಂದರೆ ಆಂಧ್ರ, ತೆಲಂಗಾಣಗಳಲ್ಲಿ ಪೆಟ್ರೋಲು ಕರ್ನಾಟಕಕ್ಕಿಂತ ದುಬಾರಿ. ಗಡಿಯಾಚೆ ಕೊಡಿಕೊಂಡದಿಂದ ಪಶ್ಚಿಮಕ್ಕೆ ತಿರುಗಿದರೆ ಲೇಪಾಕ್ಷಿ. ಮುಂದೆ ಸಿಗುವುದು ಪೆನುಕೊಂಡ, 1565ರ ತಾಳಿಕೋಟೆಯ ಸೋಲಿನ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಊರು. ಅದರ ಪಕ್ಕದಲ್ಲೇ 2019ರಿಂದ ಕಾರು ತಯಾರಿಸುತ್ತಿರುವ ಕಿಯಾ ಕಾರ್ಖಾನೆ ಹೆದ್ದಾರಿಗೆ ಮುಖಮಾಡಿ ನಿಂತಿದೆ. ಅನಂತಪುರದ ಆಚೆ ಗುತ್ತಿಯ ಕೋಟೆ, ಕರ್ನೂಲಿನಲ್ಲಿ ತುಂಗಭದ್ರೆ.

ಬೆಂಗಳೂರು–ಹೈದರಾಬಾದ್ ನಡುವಿನ ಈ 570 ಕಿ.ಮೀ. ಹಾದಿಯನ್ನು ಹೆಚ್ಚಿನವರು ಏಳೆಂಟು ತಾಸಿನಲ್ಲಿ ಮುಗಿಸಿಬಿಡುತ್ತಾರೆ. ಕನ್ನಡ ಓದುಗರಿಗೆ ಅದು ನಷ್ಟ. ಕರ್ನೂಲು ದಾಟಿ ತುಸು ಒಳಗೆ ಹೋದರೆ ತುಂಗಭದ್ರೆಯ ದಡದ ಆಲಂಪುರ. ಅಲ್ಲಿನ ನವಬ್ರಹ್ಮ ದೇವಾಲಯಗಳು ಬಾದಾಮಿ ಚಾಲುಕ್ಯರವು. ಏಳು, ಎಂಟನೆಯ ಶತಮಾನಗಳ ಕೆಲಸ. ಪಟ್ಟದಕಲ್ಲು ನೋಡಿದ ಕಣ್ಣಿಗೆ ಇಲ್ಲಿನ ಶಿಖರಗಳ ಪರಿಚಯ ಹೇಳಬೇಕಿಲ್ಲ. ಹೆದ್ದಾರಿ ಕರ್ನಾಟಕದಲ್ಲಿ ದಾಟುವ ನೀರೆಂದರೆ ಬಾಗೇಪಲ್ಲಿಯ ಚಿತ್ರಾವತಿಯಂಥ ಸಣ್ಣ ಹೊಳೆಗಳು. ನಾಡಿನ ದೊಡ್ಡ ನದಿಗಳನ್ನೆಲ್ಲ ಅದು ಕಾಣುವುದು ಹೊರನಾಡಿನಲ್ಲಿ: ತುಂಗಭದ್ರೆಯನ್ನು ಕರ್ನೂಲಿನಲ್ಲಿ, ಕೃಷ್ಣೆಯನ್ನು ಬೀಚುಪಲ್ಲಿಯಲ್ಲಿ, ಕಾವೇರಿಯನ್ನು ನಾಮಕ್ಕಲ್–ಕರೂರು ನಡುವೆ.

ಹೈದರಾಬಾದಿನ ಒಳಗೆ ಹೋಗುವ ಕೆಲಸವಿಲ್ಲದವರು 158 ಕಿ.ಮೀ. ಸುತ್ತಳತೆಯ ಹೊರವರ್ತುಲ ರಸ್ತೆ ಹಿಡಿದು ಮೇಡ್ಚಲ್ ಕಡೆ ಇಳಿಯುತ್ತಾರೆ. ಕಾಮಾರೆಡ್ಡಿ, ಗೋದಾವರಿ, ಮರದ ಗೊಂಬೆಗಳಿಗೆ ಹೆಸರಾದ ನಿರ್ಮಲ್, ಅಲ್ಲಿಂದ ಕಾಡಿನ ಘಾಟಿ ಹತ್ತಿ ಆದಿಲಾಬಾದು. ದಕ್ಷಿಣದ ಊಟ ಇಲ್ಲಿಗೆ ಮುಗಿಯುತ್ತದೆ. ಫಿಲ್ಟರ್ ಕಾಫಿಯ ಜಾಗಕ್ಕೆ ಚಹಾ, ಇಡ್ಲಿಯ ಜಾಗಕ್ಕೆ ನಾಗಪುರದ ಪೋಹಾ ಬರುತ್ತದೆ. ಅನ್ನವಿಲ್ಲದೆ ಆಗದವರು ಮುಂದಿನ ಸಾವಿರದೈನೂರು ಕಿ.ಮೀ. ಡಾಬಾಗಳಲ್ಲಿ ‘ಜೀರಾ ರೈಸ್, ದಾಲ್’ ಎಂಬ ಎರಡು ಮಾತಿನಲ್ಲಿ ಬದುಕಬೇಕು.

ನಾಗಪುರದಿಂದ ಝಾನ್ಸಿಗೆ

ಇಡೀ ಹಾದಿಯಲ್ಲಿ ಚೆಲುವಾದ ಭಾಗ ಯಾವುದೆಂದು ಕೇಳಿದರೆ ಬಹಳ ಜನ ಕಾಶ್ಮೀರದ ಹೆಸರು ಹೇಳುತ್ತಾರೆ. ಈ ಲೇಖಕನ ಮತ ನಾಗಪುರ–ಸಿವನಿ–ಸಾಗರದ ಕಡೆಗೆ. ಮನಸರ್ ಬಿಟ್ಟೊಡನೆ ಸಾತ್ಪುಡದ ತೇಗದ ಕಾಡು ಶುರುವಾಗುತ್ತದೆ. ರಡ್ಯಾರ್ಡ್ ಕಿಪ್ಲಿಂಗ್ ತನ್ನ ‘ಜಂಗಲ್ ಬುಕ್’ ಕಥೆಗಳನ್ನು ಇಟ್ಟದ್ದು ಈ ಸಿವನಿ ಸೀಮೆಯಲ್ಲಿ. ಹೆದ್ದಾರಿ ಇಲ್ಲಿ ಪೇಂಚ್ ಹುಲಿ ಅಭಯಾರಣ್ಯದ ಕಾಡನ್ನು ಸೀಳುತ್ತದೆ. ನಾಲ್ಕು ಪಥ ಮಾಡುವ ವಿಚಾರ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಆದ ತೀರ್ಮಾನವೆಂದರೆ ರಸ್ತೆಯನ್ನು ಕಂಬಗಳ ಮೇಲೆತ್ತಿ ಪ್ರಾಣಿಗಳಿಗೆ ಕೆಳಗೆ ದಾರಿ ಬಿಡುವುದು. ಮಹಾರಾಷ್ಟ್ರದ ಕಡೆ ಇಂಥ ಒಂಬತ್ತು ಕಟ್ಟಡಗಳಿವೆ, ಅತಿ ಉದ್ದದ್ದು 750 ಮೀಟರು. ಭಾರತೀಯ ವನ್ಯಜೀವಿ ಸಂಸ್ಥೆ ಇಟ್ಟ ಕ್ಯಾಮೆರಾಗಳಲ್ಲಿ ಹುಲಿ, ಕಾಡುನಾಯಿ, ಜಿಂಕೆಗಳು ಅವುಗಳಡಿ ಓಡಾಡುವುದು ದಾಖಲಾಗಿದೆ. ಮಧ್ಯಪ್ರದೇಶದ ಕಡೆ, ಕುರಾಯಿ ಘಾಟಿಯ ಆಸುಪಾಸಿನಲ್ಲಿ, ಸದ್ದು–ಬೆಳಕು ಕಾಡಿಗೆ ತಾಗದಂತೆ ರಸ್ತೆಯ ಬದಿಗೆ ಗೋಡೆಯನ್ನೂ ಎಬ್ಬಿಸಿದ್ದಾರೆ. ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಚರ್ಚೆ ಎದ್ದಾಗಲೆಲ್ಲ ಪೇಂಚ್‌ನ ಈ ಮಾದರಿಯ ಮಾತು ಬರುತ್ತದೆ. ಅದು ಆಗಲೇ ಇದ್ದ ರಸ್ತೆಯನ್ನು ಅಗಲ ಮಾಡುವಾಗ ಆದ ರಾಜಿ. ಕಾಡಿನಲ್ಲಿ ಹೊಸ ರಸ್ತೆ ಮಾಡಲು ಸಿಕ್ಕ ಪರವಾನಗಿಯಲ್ಲ ಎಂಬುದನ್ನು ಮರೆಯಬಾರದು.

ಲಖನಾದೌನಿನಲ್ಲಿ ಹಳೆಯ ಹೆದ್ದಾರಿ 7 ಜಬಲ್ಪುರ, ವಾರಾಣಸಿಗಳ ಕಡೆ ಹೊರಳುತ್ತದೆ, 44 ನೇರ ಉತ್ತರಕ್ಕೆ. ನರಸಿಂಹಪುರ ಜಿಲ್ಲೆಯಲ್ಲಿ ನರ್ಮದೆಯನ್ನೂ, ಸಾಗರ ಮುಟ್ಟುವ ಮುನ್ನ ಕರ್ಕಾಟಕ ಸಂಕ್ರಾಂತಿ ವೃತ್ತವನ್ನೂ ದಾಟುತ್ತೇವೆ. ಲಲಿತಪುರ, ಝಾನ್ಸಿಗಳು ಬುಂದೇಲಖಂಡ. ಕೊಯ್ಲಾದ ಮೇಲೆ ದನಗಳನ್ನು ಬಿಟ್ಟುಬಿಡುವ ‘ಅನ್ನಾ’ ಪದ್ಧತಿ ಇಲ್ಲಿ ಹಳೆಯದು. ರಾತ್ರಿ ಡಾಂಬರಿನ ಬಿಸಿಗೆ ಆಸೆಪಟ್ಟು ರಸ್ತೆಯ ನಡುವೆ ಮಲಗಿದ ಎಮ್ಮೆ, ದನಗಳು ನೂರು ಕಿ.ಮೀ. ವೇಗದಲ್ಲಿ ಬರುವವನಿಗೆ ಕೊನೆಯ ಗಳಿಗೆಯಲ್ಲಿ ಕಾಣುತ್ತವೆ. ಝಾನ್ಸಿಯಿಂದ ಓರ್ಛಾಕ್ಕೆ ಇಪ್ಪತ್ತು ಕಿ.ಮೀ.ಗಿಂತ ಕಡಿಮೆ, ತಂಗಲು ಝಾನ್ಸಿಗಿಂತ ಅದೇ ಮೇಲು.

ಬಯಲುಸೀಮೆ ಮತ್ತು ದೆಹಲಿ

ಗ್ವಾಲಿಯರ್, ಗಜಕ್ ಮಿಠಾಯಿಯ ಮೊರೇನಾ, ಚಂಬಲ್ ಕಣಿವೆಯ ಸವೆದ ದಿಬ್ಬಗಳು, ಧೋಲ್ಪುರದ ಕೆಂಗಲ್ಲು, ಆಗ್ರಾ, ಮಥುರಾ. ಆಗ್ರಾದಿಂದ ದೆಹಲಿಗೆ ಹೆದ್ದಾರಿಯ ಬದಲು 2012ರಲ್ಲಿ ತೆರೆದ 165 ಕಿ.ಮೀ. ಯಮುನಾ ಎಕ್ಸ್‌ಪ್ರೆಸ್ ರಸ್ತೆಯನ್ನೂ ಹಿಡಿಯಬಹುದು. ದೆಹಲಿಯೊಳಗೆ ನುಗ್ಗದೆ ಪಲ್ವಲ್‌ನಿಂದ ಕುಂಡ್ಲಿಗೆ ಸುತ್ತಿಸುವ ಎರಡು ಹೊರವರ್ತುಲಗಳು 2018ರಲ್ಲಿ ಪೂರ್ಣವಾದವು. ಚಳಿಗಾಲದಲ್ಲಿ ದೆಹಲಿಯ ಹೊಗೆ ಮಿತಿಮೀರಿದಾಗ ಬಿಎಸ್–3 ಪೆಟ್ರೋಲ್, ಬಿಎಸ್–4 ಡೀಸೆಲ್ ಕಾರುಗಳನ್ನು ರಾಜಧಾನಿ ಪ್ರದೇಶದಲ್ಲಿ ತಡೆಯುವುದುಂಟು. ಹಳೆಯ ಡೀಸೆಲ್ ಗಾಡಿಯವರು ಹೊರಡುವ ಮುನ್ನ ಆ ವಾರದ ನಿಯಮ ನೋಡಿಕೊಳ್ಳಬೇಕು.

ದೆಹಲಿಯ ಆಚೆ ಮುರ್ಥಲ್‌ನ ಪರಾಠಾ ಡಾಬಾಗಳು ರಾತ್ರಿಯಿಡೀ ತೆರೆದಿರುತ್ತವೆ. ಲಾರಿಯವರ ಊಟದ ಜಾಗವಾಗಿ ಶುರುವಾದವು ಈಗ ಕಾರಿನವರ ಜಾತ್ರೆ. ಬೆಣ್ಣೆ ಕಂಡು ಬೆದರುವವರು ಅಲ್ಲಿ ನಿಲ್ಲಬಾರದು. ಈ ಬಯಲಿನ ಹೆದ್ದಾರಿ ಇತ್ತೀಚೆಗೆ ರಾಜಕೀಯದ ನೆಲವೂ ಆಗಿದೆ: 2020ರ ನವೆಂಬರಿನಿಂದ ಒಂದು ವರ್ಷಕ್ಕೂ ಮೇಲೆ ರೈತರು ಸಿಂಘು ಗಡಿಯಲ್ಲಿ ಕೂತದ್ದು ಇದೇ ರಸ್ತೆಯ ಮೇಲೆ, 2024ರ ಫೆಬ್ರವರಿಯಿಂದ 2025ರ ಮಾರ್ಚ್‌ವರೆಗೆ ಅಂಬಾಲದ ಬಳಿಯ ಶಂಭು ಗಡಿ ಮುಚ್ಚಿದ್ದೂ ಇದರಲ್ಲೇ. ಆ ತಿಂಗಳುಗಳಲ್ಲಿ ಪಂಜಾಬಿಗೆ ಹೋಗುವವರು ಹಳ್ಳಿ ರಸ್ತೆಗಳಲ್ಲಿ ಸುತ್ತಾಡಿದರು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಕವಿಯುವ ಮಂಜು ದಕ್ಷಿಣದವರ ಊಹೆಗೆ ಮೀರಿದ್ದು. ಕಾರಿನ ಬಾನೆಟ್ಟಿನ ತುದಿಯೇ ಕಾಣದ ಬೆಳಗುಗಳಲ್ಲಿ ಒಂದರ ಬೆನ್ನಿಗೊಂದು ಹತ್ತಾರು ವಾಹನ ಡಿಕ್ಕಿಯಾಗುವ ಸುದ್ದಿ ಪ್ರತಿ ಚಳಿಗಾಲದಲ್ಲೂ ಬರುತ್ತದೆ. ಮಂಜಿನ ದಿನ ಹತ್ತು ಗಂಟೆಯವರೆಗೆ ಹೋಟೆಲಿನಲ್ಲೇ ಇರುವುದು ಜಾಣತನ.

ಜಮ್ಮುವಿನಿಂದ ಶ್ರೀನಗರ

ಕಡೆಯ 250–270 ಕಿ.ಮೀ. ಇಡೀ ಹಾದಿಯ ಅತಿ ಕಷ್ಟದ ಭಾಗ. 1956ರಲ್ಲಿ ಬಾನಿಹಾಲ್ ಕಣಿವೆಯಡಿ ಜವಾಹರ್ ಸುರಂಗ ತೆರೆದಾಗ ಕಾಶ್ಮೀರಕ್ಕೆ ಚಳಿಗಾಲದ ರಸ್ತೆ ಸಿಕ್ಕಿತು. 2017ರ ಏಪ್ರಿಲ್‌ನಲ್ಲಿ ತೆರೆದ ಚೆನಾನಿ–ನಾಶ್ರಿ ಸುರಂಗ ಒಂಬತ್ತು ಕಿ.ಮೀ.ಗೂ ಉದ್ದ, ಪಟ್ನಿಟಾಪ್ ಹತ್ತಿಳಿಯುವ ಕಷ್ಟ ತಪ್ಪಿಸಿ ಸುಮಾರು 30 ಕಿ.ಮೀ. ಉಳಿಸಿತು. 2021ರಲ್ಲಿ ವಾಹನ ಬಿಟ್ಟ ಬಾನಿಹಾಲ್–ಕಾಜಿಗುಂಡ್ ಸುರಂಗ ಎಂಟೂವರೆ ಕಿ.ಮೀ. ಸುಮಾರಿನದು. ಇಷ್ಟಾದರೂ ರಾಮಬನ್–ಬಾನಿಹಾಲ್ ನಡುವಿನ ಸಡಿಲ ಗುಡ್ಡ ಯಾರ ಮಾತೂ ಕೇಳುವುದಿಲ್ಲ. ಮಳೆ ಬಂದರೆ ಮಣ್ಣು ಜರಿಯುತ್ತದೆ, ಮಳೆ ಇಲ್ಲದಿದ್ದರೂ ಕಲ್ಲು ಉರುಳುತ್ತವೆ. 2025ರ ಮಳೆಗಾಲದಲ್ಲಿ ಉಧಂಪುರದ ಬಳಿ ರಸ್ತೆ ಕುಸಿದಾಗ ಸೇಬಿನ ಕೊಯ್ಲಿನ ಹೊತ್ತಿಗೇ ಲಾರಿಗಳು ದಿನಗಟ್ಟಲೆ ಸಾಲುನಿಂತವು. ಪೊಲೀಸರು ಒಂದೊಂದು ದಿನ ಒಂದೊಂದು ದಿಕ್ಕಿಗೆ, ಒಂದೊಂದು ಬಗೆಯ ವಾಹನಕ್ಕೆ ಬಿಡುವುದು ಇಲ್ಲಿ ಸಾಮಾನ್ಯ. ಹಿಂದಿರುಗುವ ತಾರೀಖನ್ನು ಕಲ್ಲಿನಲ್ಲಿ ಕೆತ್ತಿಟ್ಟುಕೊಂಡು ಬರುವವರು ಜಮ್ಮುವಿನಿಂದ ಹಿಂತಿರುಗುವುದೇ ಲೇಸು. ಇನ್ನೊಂದು ಮಾತು: ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಪಠಾಣಕೋಟೆ ದಾಟಿದ ಮೇಲೆ ಇದು ತಿಳಿದು ಪೇಚಾಡಿದ ಬೆಂಗಳೂರಿಗರು ಬಹಳ.

ದಕ್ಷಿಣದ ತುಂಡು

ಬೆಂಗಳೂರಿನಿಂದ ಕೆಳಕ್ಕೆ ರಸ್ತೆ ಸಲೀಸು. 2010ರಲ್ಲಿ ತೆರೆದ ಸುಮಾರು ಹತ್ತು ಕಿ.ಮೀ. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಇಳಿದು ಅತ್ತಿಬೆಲೆ ದಾಟಿದರೆ ಹೊಸೂರು, ಕೃಷ್ಣಗಿರಿ, ಧರ್ಮಪುರಿ. ಸೇಲಂಗೆ ಮುಂಚಿನ ತೊಪ್ಪೂರು ಘಾಟಿ ಬ್ರೇಕು ಕಳೆದುಕೊಂಡ ಲಾರಿಗಳಿಗೆ ಕುಪ್ರಸಿದ್ಧ. ಇಳಿಜಾರಿನಲ್ಲಿ ಲಾರಿಯ ಮುಂದೆ ನಿಧಾನ ಮಾಡುವ ಕಾರಿನವನು ತನ್ನ ಬೆನ್ನು ನೋಡಿಕೊಳ್ಳಬೇಕು. ನಾಮಕ್ಕಲ್ ಮೊಟ್ಟೆಯ ಊರು, ಲಾರಿ ಮಾಲೀಕರ ಊರು, ಲಾರಿಗೆ ಬಾಡಿ ಕಟ್ಟುವವರ ಊರು. ಉತ್ತರದ ಯಾವ ಡಾಬಾದಲ್ಲೂ ನಾಮಕ್ಕಲ್ಲಿನ ನೋಂದಣಿಯ ಒಂದು ಲಾರಿಯಾದರೂ ನಿಂತಿರುತ್ತದೆ. ದಿಂಡಿಗಲ್, ಮಧುರೆ, ಕಡಲೆ ಮಿಠಾಯಿಗೆ 2020ರಲ್ಲಿ ಭೌಗೋಳಿಕ ಗುರುತು ಪಡೆದ ಕೋವಿಲ್‌ಪಟ್ಟಿ, ಹಲ್ವದ ತಿರುನೆಲ್ವೇಲಿ. ಪಣಗುಡಿಯಿಂದ ಮುಂದೆ ಪಶ್ಚಿಮ ಘಟ್ಟದ ಸಂದಿನಿಂದ ಬೀಸುವ ಗಾಳಿಗೆ ಸಾಲುಸಾಲು ಗಾಳಿಯಂತ್ರಗಳು, ಕಾರೂ ತುಸು ಎಳೆಯುತ್ತದೆ.

ಕಾಗದಪತ್ರ, ಟೋಲ್, ಗಾಡಿ

ಬಿಳಿ ನಂಬರ್ ಪ್ಲೇಟಿನ ಖಾಸಗಿ ಕಾರಿಗೆ ರಾಜ್ಯ ದಾಟಲು ಪರ್ಮಿಟ್ ಬೇಡ. ಒಂದೇ ಹೊರರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಮೇಲೆ ಇಟ್ಟುಕೊಂಡರೆ ಮಾತ್ರ ಮರುನೋಂದಣಿಯ ಪ್ರಶ್ನೆ. ಆರ್‌ಸಿ, ಡಿಎಲ್, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು ಡಿಜಿಲಾಕರಿನಲ್ಲಿದ್ದರೆ ಕಾನೂನಿನ ಪ್ರಕಾರ ಸಾಕು, ಆದರೂ ಕಾಗದದ ಪ್ರತಿ ಇದ್ದರೆ ಮಾತು ಬೇಗ ಮುಗಿಯುತ್ತದೆ. ಬಾಡಿಗೆಗೆ ತೆಗೆದುಕೊಂಡು ತಾವೇ ಓಡಿಸುವ ಕಪ್ಪು ಪ್ಲೇಟಿನ ಕಾರಾದರೆ ಪರ್ಮಿಟ್ಟು, ತೆರಿಗೆಗಳ ವಿಚಾರವನ್ನು ಮಾಲೀಕರ ಹತ್ತಿರ ಮೊದಲೇ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು.

ಟೋಲ್ ಗೇಟುಗಳಲ್ಲಿ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ವಾರ್ಷಿಕ ಪಾಸ್ ಬಂದಿದೆ. ಆರಂಭದ ಬೆಲೆ 3,000 ರೂಪಾಯಿ, ಒಂದು ವರ್ಷ ಅಥವಾ 200 ಸಲ ಗೇಟು ದಾಟುವವರೆಗೆ. ಈ ಉದ್ದದ ಪ್ರಯಾಣ ಮಾಡುವವರಿಗೆ ಅದು ಒಂದೇ ಸಲದಲ್ಲಿ ಗಿಟ್ಟುತ್ತದೆ. ರಾಜ್ಯ ಸರ್ಕಾರಗಳ ರಸ್ತೆಗಳಲ್ಲಿ ಆ ಪಾಸು ನಡೆಯುವುದಿಲ್ಲ.

ಗಾಡಿಯ ವಿಷಯದಲ್ಲಿ ಹೇಳುವುದು ಕಡಿಮೆ. ಇಂದಿನ ಯಾವ ಸಾಧಾರಣ ಹ್ಯಾಚ್‌ಬ್ಯಾಕೂ ಈ ಹಾದಿಯನ್ನು ಓಡಿ ಬರುತ್ತದೆ, ದೊಡ್ಡ ಎಸ್‌ಯುವಿಯೇ ಆಗಬೇಕೆಂಬುದು ಮಾರುವವರ ಮಾತು. ಟೈರು ಮಾತ್ರ ಹಳತಾಗಿರಬಾರದು. ಬೇಸಿಗೆಯ ಕಾಂಕ್ರೀಟು ರಸ್ತೆಯ ಮೇಲೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವಾಗ ಗಾಳಿ ಕಡಿಮೆಯಿರುವ ಟೈರು ಬಿಸಿಯಾಗಿ ಸಿಡಿಯುತ್ತದೆ. ಗಾಳಿ ನೋಡಬೇಕಾದದ್ದು ಬೆಳಗ್ಗೆ ಹೊರಡುವ ಮುನ್ನ, ಟೈರು ತಣ್ಣಗಿದ್ದಾಗ. ಡಿಕ್ಕಿಯ ತುಂಬ ಸಾಮಾನು ಹೇರಿ ಸ್ಟೆಪ್ನಿಯನ್ನು ಅದರಡಿ ಹೂಳುವುದು ನಮ್ಮವರ ಹಳೆಯ ಅಭ್ಯಾಸ. ಪಂಕ್ಚರ್ ಆಗುವುದು ಯಾವಾಗಲೂ ಮಳೆಯಲ್ಲೇ ಎಂದು ತಿಳಿದು ಹೇರಬೇಕು.

ನಿದ್ದೆ ಮತ್ತು ಅಪಾಯ

ನಾಲ್ಕು ಪಥ ಬಂದ ಮೇಲೆ ಈ ಪ್ರಯಾಣದ ಕಷ್ಟ ರಸ್ತೆಯಿಂದ ಚಾಲಕನಿಗೆ ವರ್ಗವಾಗಿದೆ. ಕೆಟ್ಟ ರಸ್ತೆ ಎಚ್ಚರವಾಗಿಡುತ್ತಿತ್ತು, ಒಳ್ಳೆಯ ರಸ್ತೆ ತೂಗಿ ಮಲಗಿಸುತ್ತದೆ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅವರಲ್ಲಿ 61,038 ಮಂದಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ. ದೇಶದ ರಸ್ತೆಗಳ ಒಟ್ಟು ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ಶೇ. 2ರ ಸುಮಾರು. ಬೆಂಗಳೂರು–ಹೈದರಾಬಾದ್ ನಡುವೆಯೇ ಎರಡು ದೊಡ್ಡ ದುರಂತಗಳಾಗಿವೆ. 2013ರ ಅಕ್ಟೋಬರ್ 30ರಂದು ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಬಸ್ಸಿಗೆ ಬೆಂಕಿ ಹತ್ತಿ 45 ಮಂದಿ ಸತ್ತರು. 2025ರ ಅಕ್ಟೋಬರ್ 24ರಂದು ಕರ್ನೂಲಿನ ಬಳಿ ಬೆಂಗಳೂರಿಗೆ ಬರುತ್ತಿದ್ದ ಇನ್ನೊಂದು ಬಸ್ಸು ಹೊತ್ತಿ ಉರಿದು ಸುಮಾರು 20 ಮಂದಿ. ಎರಡೂ ನಡೆದದ್ದು ಬೆಳಗಿನ ಜಾವದ ಕತ್ತಲಲ್ಲಿ.

ಆದ್ದರಿಂದ ಹಳಬರು ಇಟ್ಟುಕೊಂಡಿರುವ ಕಟ್ಟು: ದಿನಕ್ಕೆ 500, ಹೆಚ್ಚೆಂದರೆ 600 ಕಿ.ಮೀ.; ಕತ್ತಲಾಗುವ ಮುನ್ನ ಊರು ಸೇರಿಬಿಡುವುದು; ಓಡಿಸಬಲ್ಲವರು ಇಬ್ಬರಿದ್ದರೆ ಎರಡು ತಾಸಿಗೊಮ್ಮೆ ಬದಲಾಗುವುದು. ಐವತ್ತು ತಾಸಿನಲ್ಲಿ ದೇಶ ದಾಟಿದೆವೆಂದು ಹೇಳಿಕೊಳ್ಳುವ ದಾಖಲೆವೀರರು ನೋಡಿದ್ದು ಟೋಲ್ ಗೇಟುಗಳನ್ನು ಮಾತ್ರ, ಜೊತೆಗೆ ದಾರಿಯ ಇತರರ ಜೀವವನ್ನೂ ಪಣಕ್ಕಿಟ್ಟಿರುತ್ತಾರೆ. ನಾಲ್ಕು ಪಥದ ರಸ್ತೆಯಲ್ಲಿ ಎದುರಿನಿಂದ ಯಾರೂ ಬರುವುದಿಲ್ಲವೆಂಬ ನಂಬಿಕೆ ಬೇಡ. ಯೂ–ಟರ್ನು ದೂರವೆಂದು ಹಳ್ಳಿಯ ಟ್ರ್ಯಾಕ್ಟರು, ಬೈಕುಗಳು ರಾಂಗ್ ಸೈಡಿನಲ್ಲೇ ಬರುತ್ತವೆ. ತಪ್ಪು ಅವರದಷ್ಟೇ ಅಲ್ಲ: ಊರನ್ನು ಎರಡಾಗಿ ಸೀಳಿ ಐದು ಕಿ.ಮೀ. ಆಚೆ ದಾಟುದಾರಿ ಕೊಟ್ಟ ನಕ್ಷೆಯದೂ ಹೌದು. ಭಾರದ ಲಾರಿಗಳು ಬಲಪಥ ಹಿಡಿದು ಬಿಡದಿರುವುದರಿಂದ ಎಡದಿಂದ ಮುಂದೆ ಹೋಗುವ ಚಾಳಿ ಎಲ್ಲರಿಗೂ ಬಂದುಬಿಟ್ಟಿದೆ. ಎಡಕ್ಕೆ ನುಗ್ಗುವ ಮುನ್ನ ಅಲ್ಲಿ ಕೆಟ್ಟುನಿಂತ ಗಾಡಿಯಿದೆಯೇ ನೋಡಬೇಕು, ಎಷ್ಟೋ ಸಲ ಅದಕ್ಕೆ ಹಿಂದಿನ ದೀಪವಿರುವುದಿಲ್ಲ.

ಅಪಘಾತವಾದರೆ 112, ಹೆದ್ದಾರಿಯ ಆಂಬುಲೆನ್ಸ್, ಕ್ರೇನುಗಳಿಗೆ 1033. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯಿದೆಯ 134ಎ ಕಲಮು ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. 2025ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಕಾಲ

ಮೇ, ಜೂನಿನಲ್ಲಿ ನಾಗಪುರದಿಂದ ಝಾನ್ಸಿಯವರೆಗೆ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಮಳೆಗಾಲದಲ್ಲಿ ರಾಮಬನ್ ಜರಿಯುತ್ತದೆ, ಡಿಸೆಂಬರಿನಲ್ಲಿ ಪಂಜಾಬು ಮಂಜಿನಲ್ಲಿ ಮುಳುಗುತ್ತದೆ. ಉಳಿದದ್ದು ಅಕ್ಟೋಬರಿನಿಂದ ನವೆಂಬರ್ ನಡುವಿನವರೆಗೆ, ಮತ್ತೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲವರೆಗೆ. ಹೋಗಿ ಬರಲು ಮೂರು ವಾರ ರಜೆಯಿದ್ದವರು ಇಡೀ ಹಾದಿಗೆ ಕೈಹಾಕಲಿ. ಒಂದೇ ವಾರ ಇದ್ದವರು ಬೆಂಗಳೂರಿನಿಂದ ಪೇಂಚ್‌ವರೆಗೆ ಹೋಗಿ, ಲೇಪಾಕ್ಷಿ, ಪೆನುಕೊಂಡ, ಆಲಂಪುರ, ನಿರ್ಮಲ್‌ಗಳಲ್ಲಿ ಬೈಪಾಸು ಬಿಟ್ಟು ಒಳಕ್ಕಿಳಿದು ನೋಡಿಕೊಂಡು ಹಿಂತಿರುಗಲಿ. ಓಡಿ ಮುಗಿಸಿದ ಕಾಶ್ಮೀರಕ್ಕಿಂತ ಅದು ಮೇಲು.